ಹಣ್ಣಿನ ಸಲಾಡ್ ನೀರು ನೀರಾಗುತ್ತಿತ್ತು, ಈಗಿಲ್ಲ

ಊಟ ಮುಗಿಯುವಷ್ಟರಲ್ಲಿ ಸಲಾಡ್ ಬಟ್ಟಲ ತುಂಬಾ ನೀರು, ಬಾಳೆಹಣ್ಣು ಕಪ್ಪು. ನೀರಿಗೆ ಮುಖ್ಯ ಕಾರಣ ಸಕ್ಕರೆ. ಅದು ಹಣ್ಣಿನೊಳಗಿನ ರಸವನ್ನು ಹೊರಗೆ ಎಳೆಯುತ್ತದೆ. ಉಪ್ಪೂ ಅಷ್ಟೇ. ಈಗ ಎರಡನ್ನೂ ಬಡಿಸುವಾಗಲೇ ಹಾಕುತ್ತೇನೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಸಕ್ಕರೆ ಯಾಕೆ ಬೇಕು, ಅಲ್ವಾ?

ಕಲ್ಲಂಗಡಿ ಹೋಳುಗಳನ್ನು ಜರಡಿಯಲ್ಲಿ 10 ನಿಮಿಷ ಬಿಟ್ಟು ರಸ ಬಸಿಯುತ್ತೇನೆ. ಆ ರಸ ಸುಮ್ನೆ ಚೆಲ್ಲಬೇಡಿ, ನಿಂಬೆ ಹಿಂಡಿ ಕುಡಿಯಿರಿ. ಕರಬೂಜ, ಪಪ್ಪಾಯಿ, ಮಾವು ದೊಡ್ಡ ಹೋಳುಗಳೇ ಇರಲಿ. ಸಣ್ಣಗೆ ಹೆಚ್ಚಿದಷ್ಟೂ ರಸ ಜಾಸ್ತಿ ಸೋರುತ್ತದೆ. ಹಣ್ಣುಗಳನ್ನು ಇಡಿಯಾಗಿ ಫ್ರಿಜ್ಜಿನಲ್ಲಿಟ್ಟು, ತಣ್ಣಗಾದ ಮೇಲೆ ಹೆಚ್ಚುವುದು.

ಬಾಳೆಹಣ್ಣು, ಸೇಬು ಕೊನೆಗೆ. ಹೆಚ್ಚಿದ ತಕ್ಷಣ ನಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ. ನನ್ನ ಆಯ್ಕೆ ಏಲಕ್ಕಿಬಾಳೆ, ಪಚ್ಚಬಾಳೆಯಷ್ಟು ಬೇಗ ಮೆತ್ತಗಾಗುವುದಿಲ್ಲ. ಮೇಲೆ ದಾಳಿಂಬೆ ಕಾಳು, ಪುದೀನ, ಚಿಟಿಕೆ ಕಾಳುಮೆಣಸಿನ ಪುಡಿ.