ಗಾಜಿನ ಮೇಲೆ ಉಜ್ಜಿ ಸಮ ಮಾಡಿದ ಸಿಲಿಂಡರ್ ಹೆಡ್

ಎಂಜಿನ್ನಿನ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ಬಾಗಿದ ಅಲ್ಯೂಮಿನಿಯಂ ಹೆಡ್ಡನ್ನು ಗಾಜಿನ ಮೇಲೆ ಕೈಯಿಂದಲೇ ಉಜ್ಜಿ ಸಮ ಮಾಡುತ್ತೇನೆ ಎಂದಾಗ, ಅದು ಮೆಷಿನ್ನಿನಲ್ಲಿ ಆಗಬೇಕಾದ ಕೆಲಸ ಎಂದು ಜೊತೆಯವರೆಲ್ಲ ನಕ್ಕಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು. ಎರಡನೆಯ ಸಲ ಕೂಡಿಸಿದ ಅದೇ ಎಂಜಿನ್ ಈಗ ಸುಮಾರು 18,000 ಕಿಲೋಮೀಟರ್ ಓಡಿದೆ. ಇಷ್ಟರಲ್ಲಿ ಒಂದು ಲೋಟ ಕೂಲಂಟನ್ನೂ (ಎಂಜಿನ್ ತಣಿಸುವ ದ್ರವ) ಹೆಚ್ಚುವರಿಯಾಗಿ ಕೇಳಿಲ್ಲ.

ಗಾಡಿ ನನ್ನ ಕೈಗೆ ಬಂದಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿತ್ತು. ಎರಡು ಮತ್ತು ಮೂರನೆಯ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗಿನ ಗಾಳಿ ಒತ್ತಿದಾಗ ಏಳುವ ಒತ್ತಡ, 7 ಬಾರ್ ಆಸುಪಾಸಿಗೆ ಇಳಿದಿತ್ತು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೊರಗಿದ್ದರಿಂದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ಎಲ್ಲಿ ಸುಟ್ಟಿದೆಯೆಂದು ಬಿಚ್ಚುವ ಮೊದಲೇ ಗೊತ್ತಾಗಿತ್ತು. ಬಿಚ್ಚುವ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಕ್ಸಾಸ್ಟಿನ ಒಂದು ಸ್ಟಡ್ ಮಾತ್ರ ಅವಸರದಲ್ಲಿ ತುಂಡಾಗಿ, ಅದನ್ನು ತೆಗೆಯುವುದರಲ್ಲೇ ಒಂದು ದಿನ ಕಳೆಯಿತು.

ಹೆಡ್ಡಿನ ಕೆಳಮುಖದ ಮೇಲೆ ಸ್ಟ್ರೈಟ್ ಎಡ್ಜ್ (ನಿಖರವಾಗಿ ನೇರವಾದ ಪಟ್ಟಿ) ಇಟ್ಟು, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದಾಗ ನಡುವೆ 0.08 ಮಿಲಿಮೀಟರಿನಷ್ಟು ತಗ್ಗು ಕಂಡಿತು. ಆ ಎಂಜಿನ್ನಿಗೆ ಮಿತಿ 0.05. ಉಜ್ಜಲು ತೊಡಗುವ ಮೊದಲು ವಾಲ್ವ್‌ಗಳನ್ನೆಲ್ಲ ಕಳಚಿ, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಶಾಫ್ಟನ್ನು ಬರಿಯ ಹೆಡ್ಡಿನ ಮೇಲೆ ಕೂರಿಸಿ, ಅದನ್ನು ಹಿಡಿಯುವ ಕ್ಯಾಪುಗಳನ್ನು ಬಿಗಿದು ಬೆರಳಿನಿಂದ ತಿರುಗಿಸಿ ನೋಡಿದೆ. ಹೆಡ್ ಬಾಗಿದರೆ ಕ್ಯಾಮಿನ ಸಾಲೂ ಅದರೊಡನೆ ಬಾಗುತ್ತದೆ, ಕೆಳಮುಖವನ್ನು ಎಷ್ಟು ಉಜ್ಜಿದರೂ ಅದು ನೆಟ್ಟಗಾಗುವುದಿಲ್ಲ. ಎಲ್ಲಿಯಾದರೂ ಬಿಗಿ ಹಿಡಿದಿದ್ದರೆ ನಾನು ಈ ಪ್ರಯೋಗಕ್ಕೇ ಇಳಿಯುತ್ತಿರಲಿಲ್ಲ.

ಮೊದಲ ಸಲ ಬಳಸಿದ್ದು ಸುಮಾರು 5 ಮಿಲಿಮೀಟರ್ ದಪ್ಪದ ಗಾಜು, ಅದೂ ಮರದ ಮೇಜಿನ ಮೇಲೆ. ಹೆಡ್ಡಿನ ಭಾರಕ್ಕೆ ಮೇಜಿನ ಹಲಗೆಯೊಡನೆ ಗಾಜೂ ಬಾಗಿ, ಮುಖ ಸಮವಾಗುವ ಬದಲು ಹೆಡ್ಡಿನ ಎರಡು ತುದಿಗಳು ಬೇಕಾದುದಕ್ಕಿಂತ ಹೆಚ್ಚು ಸವೆದವು. ಅಳೆಯುವಾಗ ಅವಸರಕ್ಕೆ ಸಾಧಾರಣ ಸ್ಟೀಲ್ ಪಟ್ಟಿ ಹಿಡಿದದ್ದರಿಂದ ಅದು ಕಣ್ಣಿಗೇ ಬೀಳಲಿಲ್ಲ. ಇದರ ಜೊತೆಗೆ, ಬ್ಲಾಕಿನ ಬೋಲ್ಟ್ ಕುಳಿಗಳಲ್ಲಿ ಎಣ್ಣೆ ನಿಂತಿತ್ತು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಕ್ಲಿಕ್ ಎಂದರೂ ಬೋಲ್ಟು ಒತ್ತುತ್ತಿದ್ದುದು ಆ ಎಣ್ಣೆಯನ್ನೇ ಹೊರತು ಹೆಡ್ಡನ್ನಲ್ಲ. ಬ್ಲಾಕ್ ಸೀಳದೆ ಉಳಿದದ್ದು ನನ್ನ ಅದೃಷ್ಟ. ಏಳುನೂರು ಕಿಲೋಮೀಟರಿಗೆ ಮತ್ತೆ ಗುಳ್ಳೆ. ಗ್ಯಾಸ್ಕೆಟ್, ಒಂದು ಸೆಟ್ ಬೋಲ್ಟ್, ಆಯಿಲ್, ಕೂಲಂಟ್ ಎಲ್ಲವೂ ದಂಡವಾದವು. ಆ ಹಣದಲ್ಲಿ ಹೆಡ್ಡನ್ನು ಎರಡು ಸಲ ಮೆಷಿನ್ನಿಗೆ ಕೊಡಬಹುದಿತ್ತು ಎಂಬ ಲೆಕ್ಕವನ್ನು ಜೊತೆಯವರು ಇಂದಿಗೂ ನೆನಪಿಸುತ್ತಾರೆ.

ಎರಡನೆಯ ಸಲ 12 ಮಿಲಿಮೀಟರಿನ ಗಾಜನ್ನು ಗ್ರಾನೈಟ್ ಚಪ್ಪಡಿಯ ಮೇಲೆ ಕೂರಿಸಿದೆ. ಹೆಡ್ಡಿನ ಮುಖದ ಮೇಲೆ ಮಾರ್ಕರಿನಿಂದ ಅಡ್ಡಡ್ಡ ಗೆರೆಗಳನ್ನೆಳೆದು, 180ರ ಒರಟು ಎಮರಿ ಕಾಗದದಿಂದ ಆರಂಭಿಸಿ ಇನ್ನೂ ನಯವಾದ 320ಕ್ಕೆ, ಕೊನೆಗೆ 400ಕ್ಕೆ ಬಂದೆ. ಕೈಯ ಒತ್ತಡ ಎಂದೂ ಎರಡು ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಇಪ್ಪತ್ತು ಸಲ ಉಜ್ಜಿದ ಮೇಲೆ ಹೆಡ್ಡನ್ನು ತಿರುಗಿಸಿ ಹಿಡಿಯುತ್ತಿದ್ದೆ. ಕಾಗದವನ್ನು ಯಾವುದರಿಂದ ತೋಯಿಸಿದೆ, ಹೆಡ್ ತೊನೆಯದಂತೆ ಹಿಡಿಯಲು ಏನು ಕಟ್ಟಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ಸಂಜೆಗಳ ಕೆಲಸದ ನಂತರ ಗೆರೆಗಳೆಲ್ಲ ಅಳಿಸಿ, ಸರಿಯಾದ ಸ್ಟ್ರೈಟ್ ಎಡ್ಜಿನ ಕೆಳಗೆ ಫೀಲರ್ ಗೇಜಿನ 0.03ರ ಎಲೆ ಎಲ್ಲಿಯೂ ತೂರಲಿಲ್ಲ. ನನ್ನದು ಕಾಂಪೋಸಿಟ್ ಗ್ಯಾಸ್ಕೆಟ್, ಅಂದರೆ ಲೋಹದ ಹಾಳೆಗೆ ಮೆತ್ತನೆಯ ಪದರ ಸೇರಿಸಿದ್ದು. ಪದರ ಪದರವಾದ ಸ್ಟೀಲ್ ಗ್ಯಾಸ್ಕೆಟ್ಟಿಗೆ ಇದಕ್ಕಿಂತ ನಯವಾದ ಮುಖ ಬೇಕು, ಆದ್ದರಿಂದ ಅಂಥ ಎಂಜಿನ್ನಿಗೆ ಈ ವಿಧಾನವನ್ನು ನಾನು ಹೇಳುವುದಿಲ್ಲ.

ಹೆಡ್ ಹೇಗೂ ಬಿಚ್ಚಿದ್ದರಿಂದ ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಿ, ಸ್ಟೆಮ್ ಸೀಲುಗಳನ್ನು ಬದಲಿಸಿದೆ. ಸೋರಿಕೆ ನೋಡಲು ಕಂಬಷನ್ ಚೇಂಬರಿಗೆ ಸೀಮೆಎಣ್ಣೆ ಹಾಕುವುದು ವಾಡಿಕೆ. ಕುತೂಹಲಕ್ಕೆ ಪೆಟ್ರೋಲ್ ಹಾಕಿ ನೋಡಿದರೆ, ಹದಿನೈದು ನಿಮಿಷ ಸೀಮೆಎಣ್ಣೆ ಹಿಡಿದ ಎರಡು ವಾಲ್ವ್‌ಗಳಲ್ಲಿ ಅದು ಜಿನುಗಿತು. ಅವನ್ನು ಹಾಗೆಯೇ ಬಿಟ್ಟೆ; ಕಂಪ್ರೆಷನ್ನಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಕೂಡಿಸುವ ಮೊದಲು ಹೆಡ್ಡಿನ ನೀರಿನ ದಾರಿ, ಎಣ್ಣೆಯ ದಾರಿಗಳನ್ನು ತೊಳೆದು ಗಾಳಿ ಹೊಡೆಯಲು ಅರ್ಧ ದಿನ ಹಿಡಿಯಿತು. ಎಮರಿಯ ಒಂದು ಚಿಟಿಕೆ ಪುಡಿ ಉಳಿದರೂ ಅದು ಬೇರಿಂಗುಗಳನ್ನು ತಿನ್ನುತ್ತದೆ. ಬೋಲ್ಟ್ ಕುಳಿಗಳನ್ನು ಬಟ್ಟೆ ತೂರಿಸಿ ಒರೆಸಿದೆ. ಹೊಸ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತ ಹಂತವಾಗಿ ಬಿಗಿದು, ಕೊನೆಯ ಎರಡು ಸುತ್ತುಗಳಲ್ಲಿ ತೊಂಬತ್ತು ತೊಂಬತ್ತು ಡಿಗ್ರಿ ತಿರುಗಿಸಿದೆ. ನಾಲ್ಕೂ ಸಿಲಿಂಡರುಗಳು 12 ಬಾರ್ ಹತ್ತಿರ ನಿಂತವು. ದಂಡವಾದದ್ದನ್ನು ಬದಿಗಿಟ್ಟರೆ, ಗಾಜು ಮತ್ತು ಕಾಗದಕ್ಕೆ ತಗುಲಿದ ಖರ್ಚು ಒಂದು ಸಲ ಮೆಷಿನ್ನಿಗೆ ಕೊಡುವ ಕೂಲಿಯ ಮೂರನೆಯ ಒಂದು ಪಾಲಿನಷ್ಟು. ಅಂದು ನಕ್ಕವರಲ್ಲಿ ಒಬ್ಬರು ಹೋದ ತಿಂಗಳು ಆ ಗಾಜನ್ನು ಎರವಲು ಕೇಳಿಕೊಂಡು ಬಂದಿದ್ದರು. ಚಪ್ಪಡಿಯನ್ನೂ ಜೊತೆಗೆ ಹೊತ್ತುಕೊಂಡು ಹೋಗಿ ಎಂದೆ.