ರೇಡಿಯೋ ಮೋಡೆಮ್ ಪೋಲಿಂಗ್: ಟೈಮ್‌ಔಟ್‌ಗೆ ಕೈ ಹಾಕುವ ಮುಂಚೆ

ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಿಗೆ ರೇಡಿಯೋ ಮೋಡೆಮ್ ಕೂರಿಸುವುದು ನನ್ನ ಕೆಲಸ. ಜಾಕ್‌ವೆಲ್ (ನೀರೆತ್ತುವ ಬಾವಿ) ಹತ್ತಿರ ಮಾಸ್ಟರ್ ಪಿಎಲ್‌ಸಿ (ಯೋಜನೆಯನ್ನು ನಡೆಸುವ ಪುಟ್ಟ ಕಂಪ್ಯೂಟರ್), ಊರೂರಿನ ಓವರ್‌ಹೆಡ್ ಟ್ಯಾಂಕ್ ಕೆಳಗೆ ಒಂದೊಂದು ಆರ್‌ಟಿಯು (ಅಲ್ಲಿನ ಅಳತೆಗಳನ್ನು ಓದಿ ಹೇಳುವ ಪೆಟ್ಟಿಗೆ), ನಡುವೆ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಬ್ಯಾಂಡ್. ಮಾಸ್ಟರ್ ಕೇಳಿದರೆ ಮಾತ್ರ ಆರ್‌ಟಿಯು ಬಾಯಿ ಬಿಡುತ್ತದೆ; ಹೀಗೆ ಸರದಿಯಲ್ಲಿ ಕೇಳುವುದೇ ಪೋಲಿಂಗ್. ಲಿಂಕ್ ಸರಿಯಿಲ್ಲ ಅಂತ ಫೋನ್ ಬರುವ ಹೊತ್ತಿಗೆ, ಸೈಟಿನ ಹುಡುಗರು ಟೈಮ್‌ಔಟ್ (ಉತ್ತರಕ್ಕೆ ಮಾಸ್ಟರ್ ಕಾಯುವ ಸಮಯ) ಅನ್ನು ಆಗಲೇ 5 ಸೆಕೆಂಡಿಗೆ ಏರಿಸಿರುತ್ತಾರೆ. ಅದು ಕೊನೆಗೆ ಮುಟ್ಟಬೇಕಾದ ಸೆಟ್ಟಿಂಗ್.

ಮೊದಲು ಮೋಡೆಮ್‌ನ ಪ್ಯಾಕೆಟ್ ಗ್ಯಾಪ್ ನೋಡಿ. ಸೀರಿಯಲ್ ಪೋರ್ಟ್‌ಗೆ ಇಷ್ಟು ಹೊತ್ತು ಬೈಟ್ ಬರದಿದ್ದರೆ, ಸಂದೇಶ ಮುಗಿಯಿತು ಅಂದುಕೊಂಡು ಮೋಡೆಮ್ ಗಾಳಿಗೆ ಬಿಡುತ್ತದೆ. 9600 ಬಾಡ್, 8ಎನ್1 (ಸ್ಟಾರ್ಟ್, ಸ್ಟಾಪ್ ಸೇರಿ ಬೈಟಿಗೆ 10 ಬಿಟ್) ಇದ್ದರೆ ಒಂದು ಬೈಟಿಗೆ ಸುಮಾರು 1.04 ಮಿಲಿಸೆಕೆಂಡ್. ಮಾಸ್ಟರ್ ಮತ್ತು ಟ್ಯಾಂಕ್ ಪೆಟ್ಟಿಗೆ ಮಾತಾಡುವ ಭಾಷೆಯ ಹೆಸರೂ ಮಾಡ್‌ಬಸ್ ಆರ್‌ಟಿಯು; ಅದರಲ್ಲಿ ಮೂರೂವರೆ ಬೈಟಿನಷ್ಟು ಮೌನ ಅಂದರೆ ಸಂದೇಶ ಮುಗಿದಂತೆ. ಹಾಗಾಗಿ ಕಾಗದದ ಮೇಲೆ 4 ಮಿಲಿಸೆಕೆಂಡ್ ಸಾಕು. ಆದರೆ ಕೆಲವು ಹಳೆಯ ಆರ್‌ಟಿಯುಗಳು ಉತ್ತರದ ಮಧ್ಯೆಯೇ ತಡವರಿಸುತ್ತವೆ. ಆಗ ಒಂದು ಉತ್ತರ ಎರಡು ಪ್ಯಾಕೆಟ್ ಆಗಿ ಹೋಗುತ್ತದೆ. ಮಾಸ್ಟರ್‌ಗೆ ಸಿಗುವುದು ಅರ್ಧ ಸಂದೇಶ, ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಅಂತ ನೋಡುವ ಲೆಕ್ಕ) ಎರರ್.

ಇದನ್ನು ಹಿಡಿಯಲು ಮೋಡೆಮ್‌ನ ರಿಟ್ರೈ (ತಲುಪದಿದ್ದರೆ ತಾನೇ ಮತ್ತೆ ಕಳಿಸುವುದು) ಆಫ್ ಮಾಡಿ, ಟ್ಯಾಂಕ್ ಕಡೆಯ ಟಿಎಕ್ಸ್ ದೀಪ (ಕಳಿಸುವಾಗ ಮಿಣುಕುವುದು) ನೋಡಿ. ಒಂದು ಪ್ರಶ್ನೆಗೆ ಎರಡು ಸಲ ಮಿಣುಕಿದರೆ ಇದೇ ಕಾಯಿಲೆ. ಗ್ಯಾಪ್ ಅನ್ನು 10 ಮಿಲಿಸೆಕೆಂಡಿಗೆ ಏರಿಸಿ. ಸುಮ್ನೆ 100 ಹಾಕಬೇಡಿ, ಆ ಕಾಯುವಿಕೆ ಹೋಗುವಾಗಲೂ ಬರುವಾಗಲೂ ಸೇರಿಕೊಳ್ಳುತ್ತದೆ. ಪ್ಯಾಕೆಟ್ ಸೈಜ್ ಮಿತಿ 256 ಬೈಟ್ ಇಡಿ, ಮಾಡ್‌ಬಸ್ ಆರ್‌ಟಿಯು ಸಂದೇಶ ಅದನ್ನು ಮೀರುವುದಿಲ್ಲ.

ಈಗ ಲೆಕ್ಕ, ಸಮಯವೆಲ್ಲ ಮಿಲಿಸೆಕೆಂಡಿನಲ್ಲಿ. 10 ರಿಜಿಸ್ಟರ್ (ಆರ್‌ಟಿಯು ಅಳತೆ ಇಡುವ 2 ಬೈಟಿನ ಖಾನೆ) ಓದಲು ಪ್ರಶ್ನೆ 8 ಬೈಟ್, ಉತ್ತರ 25 ಬೈಟ್. ಗಾಳಿಯಲ್ಲೂ 9600 ವೇಗ (ಇಲ್ಲಿ ಬೈಟಿಗೆ 8 ಬಿಟ್ ಮಾತ್ರ), ಮೋಡೆಮ್ ತನ್ನದೇ 16 ಬೈಟ್ ಸೇರಿಸುತ್ತದೆ, ಕೀ ಆಗಲು (ಟ್ರಾನ್ಸ್‌ಮಿಟರ್ ಚಾಲೂ ಆಗಲು) 20 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಪ್ರಶ್ನೆಗೆ: ಸೀರಿಯಲ್ 8, ಗ್ಯಾಪ್ 10, ಕೀ 20, ಗಾಳಿ 20, ಆ ಕಡೆ ಸೀರಿಯಲ್ 8. ಒಟ್ಟು 66. ಆರ್‌ಟಿಯು ಯೋಚಿಸಲು 50. ಉತ್ತರಕ್ಕೆ, ಅದೇ ಕ್ರಮದಲ್ಲಿ: 26, 10, 20, 34, 26, ಅಂದರೆ 116. ಎಲ್ಲ ಸೇರಿ 232. ನಡುವೆ ಗುಡ್ಡದ ಮೇಲೆ ರಿಪೀಟರ್ (ಕೇಳಿದ್ದನ್ನು ಮತ್ತೆ ಕಳಿಸುವ ರೇಡಿಯೋ) ಇದ್ದರೆ ಕೀ ಮತ್ತು ಗಾಳಿಯ ಸಮಯ ಎರಡೂ ದಿಕ್ಕಿಗೆ ಇನ್ನೊಮ್ಮೆ: 94 ಜಾಸ್ತಿ, 326.

ಲ್ಯಾಪ್‌ಟಾಪ್‌ನಿಂದ ಅಳೆದು ತಾಳೆ ನೋಡಿ. ಎಫ್‌ಟಿಡಿಐ ಚಿಪ್‌ನ ಯುಎಸ್‌ಬಿ ಕನ್ವರ್ಟರ್ ಆದರೆ ಡ್ರೈವರ್‌ನ ಲೇಟೆನ್ಸಿ ಟೈಮರ್ (ಬಂದ ಬೈಟ್‌ಗಳನ್ನು ಒಪ್ಪಿಸುವ ಮುಂಚೆ ಕಾಯುವ ಸಮಯ) 16 ಮಿಲಿಸೆಕೆಂಡ್ ಇರುತ್ತದೆ. ಅದನ್ನು 1ಕ್ಕೆ ಇಳಿಸಿ, ಇಲ್ಲದಿದ್ದರೆ ರೇಡಿಯೋದ ತಪ್ಪಲ್ಲದ ತಡಕ್ಕೆ ರೇಡಿಯೋವನ್ನು ಬೈಯುತ್ತೀರಿ.

ಈಗ ಟೈಮ್‌ಔಟ್. ಅತಿ ನಿಧಾನದ ಟ್ಯಾಂಕ್‌ನ ಸಮಯದ ಒಂದೂವರೆ ಪಟ್ಟು ಇಡಿ, ಇಲ್ಲಿ ಸುಮಾರು 500 ಮಿಲಿಸೆಕೆಂಡ್. ಮೋಡೆಮ್ ರಿಟ್ರೈ ಮತ್ತೆ ಆನ್ ಮಾಡುವುದಾದರೆ ಅದರ ಸಮಯವನ್ನೂ ಸೇರಿಸಿ. ಅದಕ್ಕಿಂತ ಕಡಿಮೆ ಇಟ್ಟರೆ ಬರುವ ತೊಂದರೆ ಬಲು ಕೆಟ್ಟದ್ದು. ಮಾಡ್‌ಬಸ್ ಉತ್ತರದಲ್ಲಿ ಆರ್‌ಟಿಯು ಅಡ್ರೆಸ್ ಇರುತ್ತದೆ, ಯಾವ ರಿಜಿಸ್ಟರ್ ಅಂತ ಇರುವುದಿಲ್ಲ. ನೀರಿನ ಮಟ್ಟ ಕೇಳಿದಿರಿ, ಉತ್ತರ ತಡವಾಯಿತು, ಮಾಸ್ಟರ್ ಬಿಟ್ಟುಕೊಟ್ಟು ಅದೇ ಆರ್‌ಟಿಯುಗೆ ಫ್ಲೋ ಮೀಟರ್‌ನ ಅಷ್ಟೇ ರಿಜಿಸ್ಟರ್ ಕೇಳಿತು. ಆಗ ಹಳೆಯ ಉತ್ತರ ಬಂದು ಬಿದ್ದರೆ ಅಡ್ರೆಸ್ ಸರಿ, ಉದ್ದ ಸರಿ, ಸಿಆರ್‌ಸಿಯೂ ಸರಿ. ನೀರಿನ ಮಟ್ಟವೇ ಫ್ಲೋ ಆಗಿ ಸ್ಕ್ರೀನ್ ಮೇಲೆ ಕೂರುತ್ತದೆ, ಅಲಾರಂ ಇಲ್ಲ. ಅದಕ್ಕೇ ಪ್ರತಿ ಟೈಮ್‌ಔಟ್ ಆದ ಮೇಲೆ ಸ್ವಲ್ಪ ಬಿಡುವು ಕೊಟ್ಟು, ರಿಸೀವ್ ಬಫರ್ (ಬಂದ ಬೈಟ್ ಕೂರುವ ಜಾಗ) ಖಾಲಿ ಮಾಡಿಯೇ ಮುಂದಿನ ಪ್ರಶ್ನೆ ಕಳಿಸಿ. ನಾನು 100 ಮಿಲಿಸೆಕೆಂಡ್ ಇಡುತ್ತೇನೆ.

ಹಾಗಾದರೆ 5 ಸೆಕೆಂಡ್ ಇದ್ದರೆ ಏನಾಯಿತು ಅಂತೀರಾ? 12 ಟ್ಯಾಂಕ್‌ಗಳ ಒಂದು ಸುತ್ತು 4-5 ಸೆಕೆಂಡಿನಲ್ಲಿ ಮುಗಿಯಬೇಕು. ಒಂದೂರಲ್ಲಿ ಕರೆಂಟ್ ಹೋಗಿ ಬ್ಯಾಟರಿಯೂ ಸತ್ತರೆ, ಮೂರು ಸಲ ಕೇಳುವಷ್ಟರಲ್ಲಿ 15 ಸೆಕೆಂಡ್ ಅಲ್ಲೇ ಹೋಯಿತು. ಉಳಿದ ಹನ್ನೊಂದು ಊರೂ ಕಾಯಬೇಕು. ಉತ್ತರ ಕೊಡದ ಆರ್‌ಟಿಯುವನ್ನು ಸರದಿಯಿಂದ ತೆಗೆದು, ನಿಮಿಷಕ್ಕೊಮ್ಮೆ ಮಾತ್ರ ಕೇಳುವ ಹಾಗೆ ಪ್ರೋಗ್ರಾಂ ಬರೆಯಿರಿ.