ಟ್ಯಾಪ್ ಆದ ಮೇಲೆ ಹೃದಯದ ಸುತ್ತ ಗಾಳಿ: ಯೂರೋಬ್ಯಾಗ್ ಬಿಟ್ಟ ನನ್ನ ಅನುಭವ

ನಮ್ಮ ಕಲಬುರಗಿ ಕಡೆ ಪೆರಿಕಾರ್ಡಿಯಲ್ ಟ್ಯಾಪ್ (ಹೃದಯದ ಸುತ್ತಲ ಚೀಲದಲ್ಲಿ ತುಂಬಿದ ನೀರು ತೆಗೆಯುವುದು) ಅಂದ್ರೆ ಜಾಸ್ತಿ ಟಿಬಿ ನೀರೇ. ಸೇಡಂ, ಆಳಂದ, ಸುರಪುರದಿಂದ ಬರುವವರಲ್ಲಿ ಅರ್ಧ, ಮುಕ್ಕಾಲು ಲೀಟರ್ ತೆಗೆದದ್ದಿದೆ. ನೀರು ಇಳಿಸಲು ಪಿಗ್‌ಟೇಲ್ (ತುದಿ ಸುರುಳಿಯಾದ ಸಣ್ಣ ಟ್ಯೂಬು) ಹಾಕುವುದು ನಿಮಗೆಲ್ಲ ಗೊತ್ತು, ಅದು ಬೇಡ. ನನ್ನ ತಕರಾರು ಅದರ ತುದಿಗೆ ನೇತುಹಾಕುವ ಯೂರೋಬ್ಯಾಗ್ (ಮೂತ್ರ ಹಿಡಿಯುವ ಚೀಲ) ಮೇಲೆ.

ಪಿಗ್‌ಟೇಲಿನ ಲೂಯರ್ ತುದಿಗೂ (ಸಿರಿಂಜ್ ಕೂಡಿಸುವ ತುದಿ) ಯೂರೋಬ್ಯಾಗ್ ಕೋನ್‌ಗೂ ಅಳತೆ ಕೂಡುವುದಿಲ್ಲ. ಮೇಲೆ ಮೈಕ್ರೋಪೋರ್ ಪ್ಲಾಸ್ಟರ್ ಸುತ್ತಿ ಬಿಡುತ್ತಾರೆ. ಬೆಳಗ್ಗೆ ಮುಟ್ಟಿ ನೋಡಿ, ಪ್ಲಾಸ್ಟರ್ ಒದ್ದೆ ಇರುತ್ತದೆ. ನೀರು ಸೋರುವ ಜಾಗದಲ್ಲಿ ಗಾಳಿಯೂ ಒಳಗೆ ಹೋಗುತ್ತದೆ, ಅಲ್ವಾ? ರೋಗಿ ಜೋರಾಗಿ ಉಸಿರೆಳೆದರೆ ಸಾಕು, ಹೃದಯದ ಸುತ್ತಲ ಚೀಲ ಖಾಲಿಯಾದ ಮೇಲಂತೂ ಎಳೆದೇ ಎಳೆಯುತ್ತದೆ.

ಗಾಳಿ ಹೊಕ್ಕಿದೆಯೇ ಅಂತ ನೋಡಲು ಎಕೋ (ಹೃದಯದ ಅಲ್ಟ್ರಾಸೌಂಡ್) ನಂಬಿ ಕೂರಬೇಡಿ. ಗಾಳಿ ಅಡ್ಡ ಬಂದರೆ ಹೃದಯವೇ ಕಾಣುವುದಿಲ್ಲ, ಪ್ರೋಬ್ ಕೆಟ್ಟಿದೆ ಅಂತ ಬದಲಾಯಿಸಿದವರನ್ನು ನೋಡಿದ್ದೇನೆ. ಎಕ್ಸ್‌ರೇ ತೆಗೆಸಿ. ಹೃದಯದ ಸುತ್ತ ಕಪ್ಪು ಪಟ್ಟಿ ಇರುತ್ತದೆ, ದೊಡ್ಡ ರಕ್ತನಾಳಗಳ ಬುಡದಲ್ಲೇ ನಿಲ್ಲುತ್ತದೆ, ಕುತ್ತಿಗೆಗೆ ಏರುವುದಿಲ್ಲ. ಮಗ್ಗುಲಿಗೆ ಹೊರಳಿಸಿ ತೆಗೆದರೆ ಗಾಳಿ ಜಾಗ ಬದಲಿಸುತ್ತದೆ.

ಯೂರೋಬ್ಯಾಗ್ ಬದಲು ಮೊದಲು ಅಂಡರ್‌ವಾಟರ್ ಸೀಲ್ (ಟ್ಯೂಬಿನ ತುದಿ ನೀರಿನಲ್ಲಿ ಮುಳುಗಿರುವ ಬಾಟ್ಲಿ) ಹಾಕಿ ನೋಡಿದೆ. ಉಸಿರು ಎಳೆದಾಗ ಟ್ಯೂಬಿನಲ್ಲಿ ನೀರು ಮೇಲೇರುವುದನ್ನು ಪಿಜಿ ಹುಡುಗರಿಗೆ ತೋರಿಸಿದೆ, ಅದೊಂದೇ ಲಾಭ. ಸಿಟಿ ಸ್ಕ್ಯಾನಿಗೆ ಒಯ್ಯುವಾಗ ಕೆಳಗಿರಬೇಕಾದ ಬಾಟ್ಲಿಯನ್ನು ಮಂಚದ ಮೇಲೇ ಇಡುತ್ತಾರೆ, ಇಲ್ಲ ಯಾರದೋ ಕಾಲು ತಾಗಿ ಉರುಳುತ್ತದೆ. ಕೈಬಿಟ್ಟೆ.

ಈಗ ಬ್ಯಾಗೂ ಇಲ್ಲ, ಬಾಟ್ಲಿಯೂ ಇಲ್ಲ. ಥ್ರೀ-ವೇ (ಮೂರು ದಾರಿಯ ನಲ್ಲಿ), 50 ಎಂಎಲ್ ಲೂಯರ್ ಲಾಕ್ ಸಿರಿಂಜ್ (ತಿರುಗಿಸಿ ಬಿಗಿ ಮಾಡುವಂಥದ್ದು), ಕ್ಯಾಪ್, ಅಷ್ಟೇ. ಆರು ಗಂಟೆಗೊಮ್ಮೆ ಎಳೆಯುವುದು, ಥ್ರೀ-ವೇ ರೋಗಿಯ ಕಡೆ ಬಂದ್ ಮಾಡಿಯೇ ಸಿರಿಂಜ್ ಬಿಚ್ಚುವುದು. "ಟಿಬಿ ನೀರು ಸಾರ್, ಫೈಬ್ರಿನ್ (ನಾರಿನಂಥ ಪ್ರೋಟೀನ್) ಕಟ್ಟಿ ಪಿಗ್‌ಟೇಲ್ ಬ್ಲಾಕ್ ಆಗುತ್ತೆ" ಅಂತ ಎಲ್ಲರೂ ಹೇಳಿದರು. ಶುರುವಿನಲ್ಲಿ ಕೆಲವು ಆದವು ಕೂಡ. ಹೊಸ ಪಿಗ್‌ಟೇಲ್ ಸೆಟ್ಟಿಗೆ ಎರಡೂವರೆ ಸಾವಿರದ ಆಸುಪಾಸು, ತೊಗರಿ ಮಾರಿ ದುಡ್ಡು ತಂದವರಿಗೆ ಅದು ಸಣ್ಣದಲ್ಲ. ಪ್ರತಿ ಸಲ ಕೊನೆಗೆ ಸುಮಾರು 5 ಎಂಎಲ್ ಸ್ಟೆರೈಲ್ ಸಲೈನ್ ಬಿಡಲು ಶುರು ಮಾಡಿದೆ, ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಇಲ್ಲದಂತೆ. ಆಮೇಲೆ ಬ್ಲಾಕ್ ಅಪರೂಪ. ಪಿಗ್‌ಟೇಲ್ ಜಾರಿ ಪಕ್ಕದ ತೂತು ಹೊರಬಿದ್ದರೂ ಗಾಳಿ ಹೋಗುತ್ತದೆ. ಅದಕ್ಕೆ ನಾನು ಹೊಲಿಗೆ ಹಾಕುವ ರೀತಿ ಬೇರೆ, ಬರೆದರೆ ತಿಳಿಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಈ ಪದ್ಧತಿ ಹಿಡಿದ ಮೇಲೆ ನನ್ನ ಡ್ರೈನ್‌ಗಳಲ್ಲಿ ಗಾಳಿ ಕಂಡ ನೆನಪಿಲ್ಲ. ಬೇರೆ ಕಡೆ ಟ್ಯಾಪ್ ಆಗಿ ಗಾಳಿ ಹೊತ್ತು ಬಂದವರನ್ನು ಮಾತ್ರ ನೋಡುತ್ತೇನೆ. ಗಾಳಿ ಸ್ವಲ್ಪವೇ ಇದ್ದು ಬಿಪಿ ಸರಿ ಇದ್ದರೆ ಸುಮ್ನೆ ಚುಚ್ಚಬೇಡಿ. ಆಕ್ಸಿಜನ್ ಕೊಟ್ಟು ಮರುದಿನ ಮತ್ತೆ ಎಕ್ಸ್‌ರೇ ನೋಡಿ, ಬಹಳಷ್ಟು ತಾನಾಗಿಯೇ ಇಂಗುತ್ತದೆ. ಆದರೆ ಬಿಪಿ ಬಿದ್ದು ಕತ್ತಿನ ನರ ಉಬ್ಬಿದರೆ ಹೈದರಾಬಾದ್, ಸೊಲ್ಲಾಪುರ ಅಂತ ಆಂಬುಲೆನ್ಸ್ ಹುಡುಕುತ್ತಾ ನಿಲ್ಲಬೇಡಿ. ಪಿಗ್‌ಟೇಲ್ ಒಳಗೇ ಇದ್ದರೆ ಅದರಿಂದಲೇ ಆಗಲೇ ಗಾಳಿ ಎಳೆಯಿರಿ, ಇಲ್ಲದಿದ್ದರೆ ಅಲ್ಲೇ ಸೂಜಿ ಹಾಕಿ.